ಗೆಲ್ಲೋಕೆ ಎಣಿಸಬೇಕಾ, ಸುಮ್ನೆ ಒತ್ತಿದರೆ ಸಾಕಾ?

ಪ್ರಶ್ನೆ: ನಾವು ದಾವಣಗೆರೆಯವರು. ಮಗನಿಗೆ ಐದು ವರ್ಷ, ಮಗಳಿಗೆ ಎಂಟು. ಮಗ ಟ್ಯಾಬ್‌ನಲ್ಲಿ ನಂಬರ್ ಗೇಮ್ ಆಡುತ್ತಾನೆ, ನೂರರವರೆಗೆ ಗಡಗಡ ಹೇಳುತ್ತಾನೆ. ಆದರೆ ಮೊನ್ನೆ ‘ಏಳು ಶೇಂಗಾ ಕೊಡು’ ಅಂದರೆ ಮುಷ್ಟಿ ತುಂಬ ಕೊಟ್ಟ. ಮಗಳಿಗೆ ಭೂಪಟದ ಆಟದಲ್ಲಿ ದಿನಾ ಮೂರು ಸ್ಟಾರ್ ಬರುತ್ತೆ. ಅಜ್ಜಿ ಊರು ಹಾವೇರಿ ಯಾವ ಕಡೆ ಅಂದರೆ ಮಾತ್ರ ಸೂರು ನೋಡುತ್ತಾಳೆ. ಈ ಆಟಗಳು ಏನಾದರೂ ಕಲಿಸ್ತಿವೆಯಾ, ಇಲ್ಲ ಟೈಮ್ ತಿಂತಿವೆಯಾ? ಮನೆಯಲ್ಲಿ ಒಂದು ಹಳೆ ಲ್ಯಾಪ್‌ಟಾಪ್ ಇದೆ. ಅಣ್ಣ ಅಮೆರಿಕದಿಂದ ತಂದ ಹಳೆ ಭೂಗೋಳದ ಸಿಡಿಗಳೂ ಇವೆ. ಯಾವುದನ್ನು ಹಾಕಲಿ? ದಿನಕ್ಕೆ ಎಷ್ಟು ಹೊತ್ತು ಬಿಡಲಿ?

ಉತ್ತರ: ಮೊದಲು ಶೇಂಗಾ ವಿಷಯ. ಗಾಬರಿ ಬೇಡ, ಆದರೆ ನೀವು ಗಮನಿಸಿದ್ದು ಒಳ್ಳೆಯದಾಯಿತು. ನೂರರವರೆಗೆ ಹೇಳುವುದು ಒಂದು ವಿದ್ಯೆ, ಏಳು ಎಣಿಸಿ ಕೊಡುವುದು ಬೇರೆಯೇ ವಿದ್ಯೆ. ಮೊದಲನೆಯದು ಪದ್ಯ ಬಾಯಿಪಾಠ ಮಾಡಿದ ಹಾಗೆ. ಎರಡನೆಯದಕ್ಕೆ ಮಗುವಿಗೆ ಮೂರು ವಿಷಯ ಒಟ್ಟಿಗೆ ಗೊತ್ತಿರಬೇಕು. ಪದಗಳ ಸಾಲು ಯಾವಾಗಲೂ ಅದೇ. ಒಂದು ಕಾಳಿಗೆ ಒಂದೇ ಪದ. ಕೊನೆಗೆ ಹೇಳಿದ ಪದವೇ ‘ಎಷ್ಟು’ ಅನ್ನುವುದಕ್ಕೆ ಉತ್ತರ. ಮನಶ್ಶಾಸ್ತ್ರಜ್ಞರಾದ ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲೇ ಇದನ್ನು ಬಿಡಿಸಿಟ್ಟಿದ್ದರು.

ಮೂರನೆಯದೇ ಕಷ್ಟ. ಮಗುವಿನ ಮುಂದೆ ನಾಲ್ಕು ಚಮಚ ಇಟ್ಟು ‘ಎಷ್ಟಿವೆ?’ ಅಂತ ಕೇಳಿ ನೋಡಿ. ‘ಒಂದು, ಎರಡು, ಮೂರು, ನಾಲ್ಕು’ ಅಂತ ಬೆರಳಿಟ್ಟು ಸರಿಯಾಗಿ ಎಣಿಸುತ್ತದೆ. ‘ಹಾಗಾದರೆ ಒಟ್ಟು ಎಷ್ಟು?’ ಅಂದರೆ ಮತ್ತೆ ಒಂದರಿಂದ ಶುರು ಮಾಡುತ್ತದೆ. ಅದರ ಲೆಕ್ಕದಲ್ಲಿ ‘ಎಷ್ಟು’ ಅಂದರೆ ಎಣಿಸುವ ಕೆಲಸ, ಉತ್ತರವಲ್ಲ.

ನೀವು ಅರಿವಿಲ್ಲದೆ ಮಾಡಿದ ಶೇಂಗಾ ಪರೀಕ್ಷೆಯನ್ನೇ ಸಂಶೋಧಕರೂ ಮಾಡುತ್ತಾರೆ. ಕ್ಯಾರನ್ ವಿನ್ 1990ರ ಹೊತ್ತಿಗೆ ಅದನ್ನು ಚಾಲ್ತಿಗೆ ತಂದರು. ಅವರು ಕಂಡದ್ದು ಕುತೂಹಲದ ಸಂಗತಿ. ಮಗು ಮೊದಲು ‘ಒಂದು’ ಮಾತ್ರ ಸರಿಯಾಗಿ ಕೊಡುತ್ತದೆ, ಉಳಿದ ಎಲ್ಲಕ್ಕೂ ಬೊಗಸೆ. ಕೆಲವು ತಿಂಗಳ ಮೇಲೆ ‘ಎರಡು’. ಆಮೇಲೆ ‘ಮೂರು’. ಅಲ್ಲಿಂದ ಮುಂದೆ ಒಂದು ದಿನ ಬಾಗಿಲು ತೆರೆದ ಹಾಗೆ ಎಲ್ಲ ಸಂಖ್ಯೆಗಳೂ ಒಟ್ಟಿಗೆ ಅರ್ಥವಾಗುತ್ತವೆ. ಸಾಮಾನ್ಯವಾಗಿ ಇದು ನಾಲ್ಕರ ಆಸುಪಾಸಿನಲ್ಲಿ ಆಗುತ್ತದೆ. ನಿಮ್ಮ ಮಗನಿಗೆ ಐದು. ಅವನು ಆವತ್ತು ಉದಾಸೀನದಿಂದ ಕೊಟ್ಟಿರಬಹುದು. ಒಂದು ಸಂಜೆ ಆಟದ ಹಾಗೆ ಮೂರು ಕೇಳಿ, ನಾಲ್ಕು ಕೇಳಿ, ಆರು ಕೇಳಿ. ಎಲ್ಲಿ ಬೊಗಸೆ ಬರುತ್ತದೋ ಅಲ್ಲಿಂದ ಅವನ ಕಲಿಕೆ ಶುರುವಾಗಬೇಕು, ಆಟವನ್ನೂ ಅಲ್ಲಿಂದಲೇ ಆರಿಸಬೇಕು. ಕೆಲವು ತಿಂಗಳು ಆಡಿಸಿದ ಮೇಲೂ ಮೂರು ನಾಲ್ಕಕ್ಕೇ ತಡವರಿಸಿದರೆ ಟೀಚರ್ ಜೊತೆ ಮಾತಾಡಿ.

ಈಗ ಟ್ಯಾಬ್‌ಗೆ ಬರೋಣ. ‘ಒಳ್ಳೆ ಆಟ ಯಾವುದು’ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಆಟದ ಹೆಸರು ನೋಡಬೇಡಿ, ಸ್ಟಾರ್ ನೋಡಬೇಡಿ, ಮಗುವಿನ ಬೆರಳು ನೋಡಿ. ಗೆಲ್ಲೋಕೆ ಆ ಬೆರಳು ಏನು ಮಾಡಬೇಕೋ ಮಗು ಅದನ್ನೇ ಕಲಿಯುತ್ತದೆ. ಅದಕ್ಕಿಂತ ಒಂದು ಗುಲಗಂಜಿಯೂ ಜಾಸ್ತಿ ಇಲ್ಲ.

ಒಮ್ಮೆ ನಾಲ್ಕೂವರೆ ವರ್ಷದ ಹುಡುಗನೊಬ್ಬನ ಪಕ್ಕ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ತೆರೆಯ ಮೇಲೆ ಐದು ಮಾವಿನಹಣ್ಣು, ಕೆಳಗೆ ಮೂರು ಗುಂಡಿ: 3, 5, 8. ಹುಡುಗ ಹಣ್ಣಿನ ಕಡೆ ಕಣ್ಣೂ ಹಾಯಿಸಲಿಲ್ಲ. ಬಲಗಡೆಯಿಂದ ಒಂದೊಂದೇ ಗುಂಡಿ ಒತ್ತುತ್ತಾ ಬಂದ. 8 ಒತ್ತಿದ, ಕಪ್ಪೆಯೊಂದು ‘ಪ್ಲಪ್’ ಅಂತ ನೀರಿಗೆ ಬಿತ್ತು. ಹೊಟ್ಟೆ ಹಿಡಿದು ನಕ್ಕ. 5 ಒತ್ತಿದ, ಚಪ್ಪಾಳೆ, ಸ್ಟಾರ್. ಮುಂದಿನ ಪ್ರಶ್ನೆಗೆ ಮೊದಲೇ ತಪ್ಪು ಗುಂಡಿ ಹುಡುಕಿದ. ಯಾಕೆ ಅಂದರೆ ಕಪ್ಪೆ ಬೀಳುವುದೇ ಚಪ್ಪಾಳೆಗಿಂತ ಮಜಾ. ಅರ್ಧ ಗಂಟೆಯಲ್ಲಿ ಅವನಿಗೆ ನಲವತ್ತು ಸ್ಟಾರ್ ಬಂತು. ಒಂದು ಸಲವೂ ಎಣಿಸಲಿಲ್ಲ. ಅವರಮ್ಮ ಅಡಿಗೆಮನೆಯಿಂದ ‘ಗಣಿತ ಅಂದರೆ ಪ್ರಾಣ ಇವನಿಗೆ’ ಅಂದರು. ನಾನು ಕಾಫಿ ಕುಡಿದು ಸುಮ್ಮನಾದೆ.

ಇನ್ನೊಂದು ಜಾತಿಯ ಆಟ ಇದೆ, ಅದು ಇನ್ನೂ ನಯವಾಗಿ ಮೋಸ ಮಾಡುತ್ತದೆ. ಮಗು ಒಂದೊಂದು ಹಣ್ಣು ಮುಟ್ಟಿದ ಹಾಗೆ ಟ್ಯಾಬ್ ‘ಒನ್, ಟೂ, ತ್ರೀ’ ಅಂತ ತಾನೇ ಹೇಳುತ್ತದೆ. ಎಣಿಸಿದವರು ಯಾರು? ಟ್ಯಾಬ್. ಮಗು ಬರೀ ಬೆರಳು ಕೊಟ್ಟಿತು. ಶುರುವಿನ ಒಂದೆರಡು ವಾರಕ್ಕೆ ಇದು ಪರವಾಗಿಲ್ಲ, ಆಮೇಲೆ ಧ್ವನಿ ಬಂದ್ ಮಾಡಿ. ಮಗುವಿನ ಬಾಯಿಂದಲೇ ಸಂಖ್ಯೆ ಬರಲಿ.

ನಮ್ಮಲ್ಲಿ ಹಾಗಲಕಾಯಿ ತಿನ್ನಿಸುವುದಕ್ಕೆ ಎರಡು ದಾರಿ. ಪಲ್ಯ ನುಂಗಿಸಿ ಆಮೇಲೆ ಬಾಯಿಗೆ ಬೆಲ್ಲದ ಚೂರು ಇಡುವುದು ಒಂದು. ಬೆಲ್ಲ, ಹುಣಸೆಹಣ್ಣು ಹಾಕಿ ಗೊಜ್ಜೇ ಮಾಡುವುದು ಇನ್ನೊಂದು. ಹೆಚ್ಚಿನ ‘ಕಲಿಕೆ ಆಟ’ಗಳು ಮೊದಲ ದಾರಿಯವು: ನಾಲ್ಕು ಲೆಕ್ಕ ಮಾಡು, ಆಮೇಲೆ ಕಾರ್ ಓಡಿಸು. ಇಂಗ್ಲೆಂಡಿನ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಐನ್ಸ್‌ವರ್ತ್ ಇದನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಅವರ ಕಂಪ್ಯೂಟರ್ ಆಟದಲ್ಲಿ ಸಂಖ್ಯೆ ಹೊತ್ತ ಅಸ್ಥಿಪಂಜರಗಳು ಎದುರು ಬರುತ್ತವೆ. ಆ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಆಯುಧ ಆರಿಸಿ ಹೊಡೆಯಬೇಕು. ಇನ್ನೊಂದು ಗುಂಪಿಗೆ ಅದೇ ಆಟ, ಆದರೆ ಹೊಡೆದಾಟದಲ್ಲಿ ಗಣಿತ ಇಲ್ಲ, ಹಂತ ಮುಗಿದ ಮೇಲೆ ಪ್ರಶ್ನೆಗಳು. ಹೊಡೆದಾಟದ ಒಳಗೇ ಗಣಿತ ಇದ್ದ ಮಕ್ಕಳು ಜಾಸ್ತಿ ಕಲಿತರು. ಬೇಕಾದ್ದು ಆಡಿ ಅಂತ ಬಿಟ್ಟಾಗ ಮಕ್ಕಳು ಗೊಜ್ಜಿನ ಆಟವನ್ನು ಇನ್ನೊಂದಕ್ಕಿಂತ ಏಳು ಪಟ್ಟು ಹೆಚ್ಚು ಹೊತ್ತು ಆಡಿದರು. ಅದು ನಿಮ್ಮ ಮಗನಿಗಿಂತ ದೊಡ್ಡ ಮಕ್ಕಳ ಆಟ. ಸೂತ್ರ ಮಾತ್ರ ಇಲ್ಲೂ ಅದೇ.

ಐದರ ಮಗುವಿಗೆ ನನ್ನ ಕೈಲಿರುವ ಅತ್ಯಂತ ಗಟ್ಟಿ ಪುರಾವೆ ಕಂಪ್ಯೂಟರ್ ಆಟದ್ದೇ ಅಲ್ಲ. ಅಮೆರಿಕದಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳಿಗೆ ಒಂದು ಸರಳ ಪಟ ಕೊಟ್ಟರು. ಒಂದೇ ಸಾಲಿನಲ್ಲಿ 1ರಿಂದ 10ರವರೆಗೆ ಮನೆಗಳು. ತಿರುಗುವ ಮುಳ್ಳಿನಲ್ಲಿ ಬರುವುದು 1 ಅಥವಾ 2, ಅಷ್ಟೇ. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ 15–20 ನಿಮಿಷ. ಇಷ್ಟಕ್ಕೇ ಮಕ್ಕಳ ಸಂಖ್ಯಾಜ್ಞಾನ ಸ್ಪಷ್ಟವಾಗಿ ಮೇಲೆ ಬಂತು. ಮನೆಗಳಲ್ಲಿ ಅಂಕಿಯ ಬದಲು ಬರೀ ಬಣ್ಣ ಇದ್ದ ಗುಂಪಿನಲ್ಲಿ ಏನೂ ಬದಲಾಗಲಿಲ್ಲ.

ಇಲ್ಲಿ ಒಂದು ಸಣ್ಣ ಗುಟ್ಟಿದೆ. ಕಾಯಿ 3ರ ಮೇಲಿದ್ದು 2 ಬಿದ್ದರೆ ಮಗು ‘ನಾಲ್ಕು, ಐದು’ ಅಂತ ಹೇಳುತ್ತಾ ನಡೆಸಬೇಕು. ‘ಒಂದು, ಎರಡು’ ಅಂತ ಅಲ್ಲ. ಆಮೇಲಿನ ಅಧ್ಯಯನಗಳಲ್ಲೂ ಈ ವ್ಯತ್ಯಾಸ ದೊಡ್ಡದಾಗಿ ಕಂಡಿತು. ನಿಂತ ಮನೆಯ ಅಂಕಿಯಿಂದ ಮುಂದಕ್ಕೆ ಎಣಿಸಿದರೆ ಸಂಖ್ಯೆಗಳು ಒಂದು ಸಾಲಿನಲ್ಲಿ ಕೂತಿರುವುದು ಮನಸ್ಸಿಗೆ ಇಳಿಯುತ್ತದೆ.

ನಮ್ಮ ಹಾವು-ಏಣಿಗೂ ಇದು ಸಲ್ಲುತ್ತದೆ, ಆದರೆ ಆ ಪಟದಲ್ಲಿ ಸಾಲುಗಳು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತವೆ. ಚಿಕ್ಕವರಿಗೆ ಆ ತಿರುವಿನಲ್ಲೇ ಲೆಕ್ಕ ತಪ್ಪುತ್ತದೆ. ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಹತ್ತು ಮನೆ ನೇರಕ್ಕೆ ಬರೆದು ಮಗನನ್ನೇ ಕಾಯಿ ಮಾಡಿ ನಡೆಸಿ. ಚೌಕಾಬಾರದಲ್ಲಿ ಮನೆಗಳಿಗೆ ಅಂಕಿಯೇ ಇಲ್ಲ, ಹಾಗಾಗಿ ಈ ಸಾಲಿನ ಪಾಠ ಅದರಲ್ಲಿ ಸಿಗುವುದಿಲ್ಲ. ಆದರೆ ಕವಡೆ ಬಿದ್ದದ್ದನ್ನು ಒಂದೇ ನೋಟಕ್ಕೆ ‘ಮೂರು’ ಅನ್ನುವ ಅಭ್ಯಾಸ ಅದರಷ್ಟು ಚೆನ್ನಾಗಿ ಇನ್ನೆಲ್ಲೂ ಸಿಗದು. ನಾಲ್ಕೂ ಮಗುಚಿದರೆ ಎಂಟು ಯಾಕೆ ಅಂತ ಮಗ ಜಗಳ ತೆಗೆದರೆ ತೆಗೆಯಲಿ ಬಿಡಿ. ಇನ್ನು ಅಳಗುಳಿ ಮಣೆ. ಹದಿನಾಲ್ಕು ಗುಳಿ, ಗುಳಿಗೊಂದು ಕಾಳು ಬಿಡುತ್ತಾ ಹೋಗುವುದು. ‘ಒಂದಕ್ಕೆ ಒಂದು’ ಅನ್ನುವ ಪಾಠವನ್ನು ಕೈಯೇ ಕಲಿತುಬಿಡುತ್ತದೆ. ಅಜ್ಜಿಯ ಅಟ್ಟದಲ್ಲಿ ಮಣೆ ಇದ್ದರೆ ಇಳಿಸಿ.

ಹಾಗಾದರೆ ಲ್ಯಾಪ್‌ಟಾಪ್ ಯಾಕೆ? ಬೇಸರವಿಲ್ಲದೆ ನೂರು ಸಲ ಅದೇ ಪ್ರಶ್ನೆ ಕೇಳುತ್ತದೆ, ಮಗುವಿನ ಮಟ್ಟಕ್ಕೆ ಸರಿಯಾಗಿ ಏರಿಸಿ ಇಳಿಸುತ್ತದೆ. ನಮಗೆ ಅಷ್ಟು ತಾಳ್ಮೆ ಇಲ್ಲ, ಅಲ್ವಾ? ಹಳೆ ಲ್ಯಾಪ್‌ಟಾಪ್‌ಗೆ ನಾನು ಮೊದಲು ಹೇಳುವುದು ಜಿಕಾಂಪ್ರಿ (GCompris) ಅನ್ನುವ ಮಕ್ಕಳ ಆಟಗಳ ಸಾಫ್ಟ್‌ವೇರ್. ಫ್ರೆಂಚ್ ಭಾಷೆಯ ‘ನನಗೆ ಅರ್ಥವಾಯ್ತು’ ಅನ್ನುವ ಮಾತಿನಿಂದ ಬಂದ ಹೆಸರು. 2000ರಲ್ಲಿ ಫ್ರಾನ್ಸಿನ ಬ್ರೂನೋ ಕುಡ್ವಾನ್ ಶುರು ಮಾಡಿದರು. ಎರಡರಿಂದ ಹತ್ತು ವರ್ಷದವರಿಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಪೂರ್ತಿ ಉಚಿತ, ಜಾಹೀರಾತಿಲ್ಲ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಅದರಲ್ಲಿ ಒಂದು ಎಣಿಕೆಯ ಆಟ ನನಗೆ ಇಷ್ಟ. ಬೇರೆ ಬೇರೆ ಹಣ್ಣುಗಳು ತೆರೆಯ ತುಂಬ ಚೆಲ್ಲಿರುತ್ತವೆ. ಮಗು ಎಳೆದು ಎಳೆದು ಗುಂಪು ಮಾಡಿಕೊಂಡು, ಪ್ರತಿ ಗುಂಪನ್ನೂ ಎಣಿಸಿ, ಅಂಕಿಯನ್ನು ತಾನೇ ಒತ್ತಬೇಕು. ಆರಿಸಿಕೊಳ್ಳಲು ಮೂರು ಗುಂಡಿ ಇಲ್ಲ, ಹಾಗಾಗಿ ಕಪ್ಪೆ ಬೀಳಿಸುವ ಆಸೆಯೂ ಇಲ್ಲ. ಎಣಿಸದೆ ಗೆಲ್ಲೋಕೆ ಆಗಲ್ಲ.

ಎರಡನೆಯದು ‘ನಂಬರ್ ರೇಸ್’. ಲೆಕ್ಕದಲ್ಲಿ ತುಂಬ ಹಿಂದೆ ಬೀಳುವ ಮಕ್ಕಳಿಗೆಂದು ಆನಾ ವಿಲ್ಸನ್, ಸ್ಟಾನಿಸ್ಲಾಸ್ ಡಿಹೇನ್ ಮತ್ತಿತರರು ಮಾಡಿದ್ದು, ಇದೂ ಉಚಿತ. ಎರಡು ರಾಶಿಗಳಲ್ಲಿ ಜಾಸ್ತಿ ಯಾವುದು ಅಂತ ಬೇಗ ಆರಿಸಿಕೊಂಡು, ಅಷ್ಟೇ ಮನೆ ಮುಂದೆ ಹೋಗಬೇಕು. ಕಮ್ಮಿ ಆರಿಸಿದರೆ ಎದುರಾಳಿಗೆ ಜಾಸ್ತಿ ಸಿಗುತ್ತದೆ. ನೋಡಿ, ಇದು ಗೊಜ್ಜು. ಕನ್ನಡದಲ್ಲೇ ಬೇಕು ಅಂದರೆ ಬೆಂಗಳೂರಿನ ಅಕ್ಷರ ಫೌಂಡೇಶನ್ ಮಾಡಿರುವ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ಇದೆ. ಶಾಲೆಯ ಗಣಿತ ಪಾಠದ ಕ್ರಮಕ್ಕೇ ಹೊಂದಿಸಿದ್ದಾರೆ. ಮಗ ಒಂದನೇ ತರಗತಿಗೆ ಬಂದ ಮೇಲೆ, ಮಗಳಿಗೆ ಈಗಲೇ, ಫೋನಿನಲ್ಲಿ ಹಾಕಬಹುದು.

ಆಟ ಇಂಗ್ಲಿಷಿನಲ್ಲಿದ್ದರೆ ಮನೆಯಲ್ಲಿ ಕನ್ನಡದಲ್ಲೂ ಎಣಿಸಿ. ಇದು ಬರೀ ಭಾಷಾಭಿಮಾನದ ಮಾತಲ್ಲ. ಕನ್ನಡದ ಸಂಖ್ಯಾಪದಗಳಲ್ಲಿ ಗಣಿತ ಎದ್ದು ಕಾಣುತ್ತದೆ. ಇಪ್ಪತ್ತು-ಒಂದು, ಇಪ್ಪತ್ತೊಂದು. ಮೂವತ್ತು-ಐದು, ಮೂವತ್ತೈದು. ಹತ್ತರ ಪದ ಒಂದು ಸಲ ಬಂದರೆ ತೊಂಬತ್ತೊಂಬತ್ತರವರೆಗೆ ದಾರಿ ಸಲೀಸು. ಹಿಂದಿಯಲ್ಲಿ ಆ ಸುಖ ಇಲ್ಲ, ನೂರರವರೆಗಿನ ಪದಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಕಲಿಯಬೇಕು. ಇಂಗ್ಲಿಷಿನಲ್ಲಿ ‘ಥರ್ಟೀನ್’, ‘ಥರ್ಟಿ’ ಕಿವಿಗೆ ಒಂದೇ ಥರ. ನಮ್ಮಲ್ಲಿ ಮಕ್ಕಳು ಎಡವುವುದು ಒಂಬತ್ತು, ಎಂಬತ್ತು, ತೊಂಬತ್ತರ ಹತ್ತಿರ. ಎಪ್ಪತ್ತು ಆದ ಮೇಲೆ ನೇರ ತೊಂಬತ್ತಕ್ಕೆ ಜಿಗಿದರೆ ಬೈಯಬೇಡಿ. ‘ಇಪ್ಪತ್ತೊಂಬತ್ತು, ಇಪ್ಪತ್ತ್-ಹತ್ತು’ ಅಂದರಂತೂ ಖುಷಿಪಡಿ. ಬಾಯಿಪಾಠದಲ್ಲಿ ಆ ಪದ ಇಲ್ಲ, ಮಗು ನಿಯಮ ಹಿಡಿದು ತಾನೇ ಕಟ್ಟಿದ್ದು.

ಈಗ ಮಗಳ ಮೂರು ಸ್ಟಾರ್. ಅವಳ ಆಟದಲ್ಲಿ ಜಿಲ್ಲೆಯ ತುಂಡನ್ನು ಎಳೆದು ಖಾಲಿ ಜಾಗದ ಹತ್ತಿರ ತಂದರೆ ‘ಟಕ್’ ಅಂತ ಕೂರುತ್ತದೆ ಅಂತ ನನ್ನ ಊಹೆ. ಹಾಗಿದ್ದರೆ ಅವಳ ಬೆರಳು ಮಾಡುತ್ತಿರುವುದು ಆಕಾರ ಹೊಂದಿಸುವ ಕೆಲಸ. ಜಿಲ್ಲೆಗಳ ಹೆಸರು ಗ್ರೀಕ್ ಲಿಪಿಯಲ್ಲಿದ್ದರೂ ಅಷ್ಟೇ ಸ್ಟಾರ್ ಬರುತ್ತಿತ್ತು! ಪರೀಕ್ಷೆ ಸುಲಭ. ಕರ್ನಾಟಕದ ಗಡಿ ಮಾತ್ರ ಇರುವ ಕಾಗದ ಕೊಟ್ಟು ದಾವಣಗೆರೆಗೆ ಒಂದು ಚುಕ್ಕಿ, ಹಾವೇರಿಗೆ ಒಂದು ಚುಕ್ಕಿ ಇಡು ಅನ್ನಿ.

ಹೆಸರು ಕೊಟ್ಟು ‘ಎಲ್ಲಿದೆ, ಒತ್ತು’ ಅನ್ನುವ ಆಟಗಳು ಇದಕ್ಕಿಂತ ವಾಸಿ. ಲ್ಯಾಪ್‌ಟಾಪ್‌ಗೆ ಕೆ-ಜಿಯಾಗ್ರಫಿ ಇದೆ, ಉಚಿತ. ಬ್ರೌಸರ್‌ನಲ್ಲಾದರೆ ಸೆಟೆರಾ. ಸ್ವೀಡನ್ನಿನ ಮಾರಿಯಾನೆ ವಾರ್ಟಾಫ್ತ್ ತೊಂಬತ್ತರ ದಶಕದಲ್ಲಿ ಶುರು ಮಾಡಿದ್ದು, ಈಗ ಜಿಯೋಗೆಸರ್ ಕಂಪನಿಯ ಕೈಲಿದೆ. ಎಂಟರ ಮಗುವಿಗೆ ಖಂಡಗಳಿಂದ ಶುರು ಮಾಡಿ, ಆಮೇಲೆ ಭಾರತದ ರಾಜ್ಯಗಳು. ಪ್ರಪಂಚದ 190 ಚಿಲ್ಲರೆ ದೇಶಗಳ ಹಿಂದೆ ಈಗಲೇ ಓಡಿಸಬೇಡಿ.

ಆದರೂ ಹೆಸರು ಒತ್ತುವುದು ಪೂರ್ತಿ ಭೂಗೋಳ ಅಲ್ಲ. ಊರು ಜಿಲ್ಲೆಯೊಳಗೆ, ಜಿಲ್ಲೆ ರಾಜ್ಯದೊಳಗೆ ಅನ್ನುವುದೇ ಮಕ್ಕಳಿಗೆ ವಿಚಿತ್ರ. ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಸ್ವಿಟ್ಜರ್ಲೆಂಡಿನ ಜಿನೀವಾದ ಮಕ್ಕಳನ್ನು ‘ನೀನು ಜಿನೀವಾದವನೂ ಸ್ವಿಸ್‌ನವನೂ ಎರಡೂ ಹೌದಾ?’ ಅಂತ ಕೇಳಿದ್ದರು. ‘ಎರಡೂ ಹೇಗೆ ಆಗುತ್ತೆ’ ಅಂದ ಚಿಕ್ಕವರು ಅನೇಕ. ‘ನೀನು ದಾವಣಗೆರೆಯವಳಾ, ಕರ್ನಾಟಕದವಳಾ?’ ಅಂತ ಮಗಳನ್ನು ಕೇಳಿ. ಉತ್ತರ ಕೇಳಿ ನಗಬೇಡಿ, ಅಷ್ಟೇ.

ಅಣ್ಣನ ಸಿಡಿಗಳ ಗುಡ್ಡೆಯಲ್ಲಿ ‘ಕಾರ್ಮೆನ್ ಸ್ಯಾಂಡಿಯೇಗೊ’ ಇದ್ದರೆ ಎಸೆಯಬೇಡಿ. ಆ ಸರಣಿಯ ಮೊದಲ ಆಟ 1985ರದ್ದು, ಬ್ರೊಡರ್‌ಬಂಡ್ ಕಂಪನಿಯದು. ಕಳ್ಳ ಯಾವ ದೇಶಕ್ಕೆ ಹಾರಿದ ಅಂತ ಸುಳಿವು ಸಿಗುತ್ತದೆ: ಬಾವುಟದ ಬಣ್ಣ, ಅಲ್ಲಿನ ದುಡ್ಡಿನ ಹೆಸರು. ಉತ್ತರ ಹುಡುಕಲು ಪೆಟ್ಟಿಗೆಯ ಜೊತೆ ದಪ್ಪನೆಯ ಒಂದು ಮಾಹಿತಿ ಪುಸ್ತಕವನ್ನೇ ಕೊಡುತ್ತಿದ್ದರು. ತಪ್ಪು ವಿಮಾನ ಹತ್ತಿದರೆ ಸಮಯ ಖರ್ಚು, ಕಳ್ಳ ಪರಾರಿ. ತಿಳಿದುಕೊಳ್ಳದೆ ಗೆಲ್ಲುವಂತಿಲ್ಲ. ಅಷ್ಟು ಹಳೆಯ ಸಿಡಿ ಈಗಿನ ವಿಂಡೋಸ್‌ನಲ್ಲಿ ಸಲೀಸಾಗಿ ಓಡದಿರಬಹುದು. ಓಡದಿದ್ದರೆ ಅದೇ ಆಟವನ್ನು ಅಟ್ಲಾಸ್ ಹಿಡಿದು ನೀವೇ ಆಡಿಸಿ, ಕಳ್ಳನಿಗೆ ಚಿಕ್ಕಪ್ಪನ ಹೆಸರಿಡಿ.

ಹಳೆ ಸಿಡಿ ಹಾಕುವ ಮುಂಚೆ ನಕ್ಷೆಯ ವಯಸ್ಸು ನೋಡಿಕೊಳ್ಳಿ. ಆಫ್ರಿಕಾದಲ್ಲಿ ದಕ್ಷಿಣ ಸುಡಾನ್ ಇಲ್ಲದಿದ್ದರೆ ಅದು 2011ಕ್ಕಿಂತ ಹಿಂದಿನದು. ಭಾರತದಲ್ಲಿ ತೆಲಂಗಾಣ ಇಲ್ಲದಿದ್ದರೆ 2014ಕ್ಕಿಂತ ಹಿಂದಿನದು. ಲಡಾಖ್ ಬೇರೆ ಕೇಂದ್ರಾಡಳಿತ ಪ್ರದೇಶ ಆಗಿಲ್ಲದಿದ್ದರೆ 2019ಕ್ಕಿಂತ ಹಿಂದಿನದು. ಈಗ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. ನಿಮ್ಮ ದಾವಣಗೆರೆ, ಅಜ್ಜಿಯ ಹಾವೇರಿ ಎರಡೂ 1997ರಲ್ಲಿ ಹುಟ್ಟಿದ ಜಿಲ್ಲೆಗಳು. ಹರಪನಹಳ್ಳಿ 2018ರಲ್ಲಿ ನಿಮ್ಮ ಜಿಲ್ಲೆಯಿಂದ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹಾಗಾಗಿ ಜಿಲ್ಲೆ 30 ಅನ್ನುವ ಆಟ ಹಳೆಯದು, ಈಗ 31. ವಿದೇಶಿ ಆಟಗಳಲ್ಲಿ ಕಾಶ್ಮೀರದ ಗಡಿ ನಮ್ಮ ಶಾಲೆಯ ಪುಸ್ತಕದ ಹಾಗೆ ಇರದೇ ಇರಬಹುದು, ಪರೀಕ್ಷೆಗೆ ಪುಸ್ತಕದ್ದೇ ಸರಿ ಅಂತ ಮೊದಲೇ ಹೇಳಿಬಿಡಿ. ಚಪ್ಪಟೆ ಪ್ರಪಂಚ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಂಡರೆ ಅದೂ ಕಣ್ಕಟ್ಟು. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಭಾರತವೇ ಗ್ರೀನ್‌ಲ್ಯಾಂಡಿಗಿಂತ ದೊಡ್ಡದು!

ಹಾವೇರಿಯ ಪಾಠಕ್ಕೆ ಯಾವ ಆ್ಯಪೂ ಬೇಡ, ಮುಂದಿನ ಸಲ ಅಜ್ಜಿ ಊರಿಗೆ ರೈಲಿನಲ್ಲಿ ಹೋಗಿ. ಹಿಂದಿನ ದಿನ ಲ್ಯಾಪ್‌ಟಾಪ್‌ನಲ್ಲಿ ಇಸ್ರೋದ ಭುವನ್ ಅಥವಾ ಗೂಗಲ್ ಅರ್ಥ್ ತೆರೆದು ಹಳಿಯ ಮೇಲೆ ಬೆರಳು ಓಡಿಸಿ: ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ. ಒಂದು ಚೀಟಿಯಲ್ಲಿ ಅವಳೇ ಗೆರೆ ಎಳೆದು ಊರು ಬರೆದುಕೊಳ್ಳಲಿ. ಸ್ಟೇಷನ್ ಬಂದ ಹಾಗೆ ಗುರುತು ಹಾಕಲಿ. ಹರಿಹರ ಬಿಟ್ಟ ಕೂಡಲೇ ತುಂಗಭದ್ರೆಯ ಸೇತುವೆ ಬರುತ್ತದೆ. ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ ಜಿಲ್ಲೆ. ಆಟದಲ್ಲಿ ಅವಳು ದಿನಾ ಎಳೆಯುವ ತುಂಡಿನ ಅಂಚು ಅಂದರೆ ಈ ನೀರು ಅಂತ ತೋರಿಸಿ. ಬೆಳಗಿನ ರೈಲಾದರೆ ಬಿಸಿಲು ಬೆನ್ನ ಕಡೆಯಿಂದ ಬರುತ್ತದೆ. ಯಾಕೆ ಅಂತ ಕೇಳಿ. ನೀವು ಹೋಗುತ್ತಿರುವುದು ವಾಯವ್ಯಕ್ಕೆ, ನಕ್ಷೆಯಲ್ಲಿ ಎಡ-ಮೇಲಕ್ಕೆ.

ಚಿಕ್ಕವನೂ ನಕ್ಷೆ ಆಡಬಹುದು. ಸುಮಾರು ಮೂರು ವರ್ಷದ ಮಕ್ಕಳು ಕೋಣೆಯ ಪುಟ್ಟ ಮಾದರಿ ನೋಡಿ ನಿಜವಾದ ಕೋಣೆಯಲ್ಲಿ ಬಚ್ಚಿಟ್ಟ ಗೊಂಬೆ ಹುಡುಕುತ್ತಾರೆ, ಎರಡೂವರೆಯವರಿಗೆ ಆಗುವುದಿಲ್ಲ ಅಂತ ಜೂಡಿ ಡಿಲೋಚ್ 1987ರಲ್ಲಿ ತೋರಿಸಿದ್ದರು. ನಿಮ್ಮ ಮನೆಯ ನಕ್ಷೆ ಬರೆದು, ಚಾಕಲೇಟ್ ಬಚ್ಚಿಟ್ಟ ಕಡೆ ಇಂಟು ಹಾಕಿ ಕೊಡಿ.

ಎಷ್ಟು ಹೊತ್ತು ಅಂತ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎರಡರಿಂದ ನಾಲ್ಕು ವರ್ಷದವರಿಗೆ ಕೂತು ತೆರೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು ಅಂತ. ಐದರ ಮಗನಿಗೆ ಕಲಿಕೆಯ ಆಟ 15–20 ನಿಮಿಷ ಸಾಕು. ಸೀಗ್ಲರ್ ಅವರ ಪಟದಾಟವೂ ಅಷ್ಟೇ ಹೊತ್ತಿನದು. ಮಗಳಿಗೆ ಅರ್ಧ ಗಂಟೆ. ಪಕ್ಕದಲ್ಲಿ ನೀವೋ ಅಜ್ಜಿಯೋ ಕೂತಿದ್ದರೆ ಐದು ನಿಮಿಷ ಜಾಸ್ತಿ ಆದರೂ ನನ್ನ ತಕರಾರಿಲ್ಲ. ಒಬ್ಬರೇ ಮೂಲೆಯಲ್ಲಿ ಕೂತು ಆಡುವ ಹತ್ತು ನಿಮಿಷಕ್ಕೆ ತಕರಾರಿದೆ.

ಕೊನೆಗೆ ಒಂದು ಸಣ್ಣ ತೊಂದರೆ ಮುಂಚೆಯೇ ಹೇಳಿಬಿಡುತ್ತೇನೆ. ಟ್ಯಾಬ್‌ನಿಂದ ಲ್ಯಾಪ್‌ಟಾಪ್‌ಗೆ ಬಂದ ಮಗು ಮೊದಲ ದಿನ ತೆರೆಯನ್ನೇ ಬೆರಳಲ್ಲಿ ಉಜ್ಜುತ್ತದೆ, ಏನೂ ಆಗದಿದ್ದಾಗ ‘ಇದು ಕೆಟ್ಟಿದೆ’ ಅನ್ನುತ್ತದೆ. ಟಚ್‌ಪ್ಯಾಡ್ ಐದರ ಕೈಗೆ ಕಷ್ಟ. ಒಂದು ಚಿಕ್ಕ ಮೌಸ್ ಕೊಳ್ಳಿ. ಜಿಕಾಂಪ್ರಿಯಲ್ಲಿ ಮೌಸ್ ಓಡಾಡಿಸಿ ಮೇಲಿನ ಚೌಕಗಳನ್ನು ಒರೆಸಿದರೆ ಅಡಿಯಲ್ಲಿ ಚಿತ್ರ ಕಾಣುವ ಒಂದು ಆಟ ಇದೆ. ಮೊದಲ ವಾರ ಅವನಿಗೆ ಅದೊಂದೇ ಕೊಡಿ. ಎಣಿಕೆ ಎರಡನೇ ವಾರದಿಂದ. ಶೇಂಗಾ ಮಾತ್ರ ಇವತ್ತಿನಿಂದಲೇ.